ಮೊಮ್ಮಕ್ಕಳ ಜೊತೆ ಯುಗಾದಿ: ನಾನು ಮಾಡಿದ್ದು ಹೀಗೆ

ಮಕ್ಕಳು ಬೇವು ಬಾಯಿಗೇ ಹಾಕಲ್ಲ, ಏನು ಮಾಡೋದು ಅಂತ ಪರಿಚಯದವರು ಕೇಳುತ್ತಿರುತ್ತಾರೆ. ತಿನ್ನಿಸೋಕೆ ಹೋಗಬೇಡಿ, ಕೀಳೋಕೆ ಕರ್ಕೊಂಡು ಹೋಗಿ ಅಂತ ನಾನು ಹೇಳುತ್ತೇನೆ.

ಈ ಸಲ, ಅಂದರೆ 2026ರಲ್ಲಿ, ಯುಗಾದಿ ಮಾರ್ಚ್ 19ಕ್ಕೆ ಬಂತು. ಮೊಮ್ಮಗಳು, ಮೊಮ್ಮಗ ಹಿಂದಿನ ದಿನವೇ ಬೆಂಗಳೂರಿನಿಂದ ಮಂಡ್ಯಕ್ಕೆ ಬಂದಿದ್ದರು. ಬೆಳಗ್ಗೆ ಬೇವಿನ ಮರದ ಕೆಳಗೆ ಹಳೇ ಪಂಚೆ ಹಾಸಿ, ಕೈಗೆಟುಕುವ ಕೊಂಬೆ ಬಗ್ಗಿಸಿ ಕೊಟ್ಟೆ. ಇಬ್ಬರೂ ಮೆಲ್ಲಗೆ ಅಲ್ಲಾಡಿಸಿದರು. ಹೂವು ಉದುರಿತು. ಅಕ್ಕಿ ನುಚ್ಚಿನಷ್ಟು ಸಣ್ಣದು, ಬೆಳ್ಳಗೆ, ಐದು ಎಸಳು. ಮೂಸಿದರೆ ಜೇನಿನ ಪರಿಮಳ. ಇಷ್ಟು ಕಹಿಯಾದ ಮರಕ್ಕೆ ಇಂಥ ಘಮ ಇರುತ್ತೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಕೆಂಪಗೆ ಚಿಗುರಿದ್ದ ಎಳೇ ಎಲೆಯನ್ನೂ ಕಿತ್ತರು. ತೊಟ್ಟು, ಕಸ ಆರಿಸುವ ಕೆಲಸವೂ ಅವರದ್ದೇ.

ಎಣ್ಣೆ ಸ್ನಾನ ಆಗಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಪೂಜೆ ಮುಗಿಸಿದ ಮೇಲೆ ಬೇವು ಬೆಲ್ಲ. ಅಚ್ಚು ಬೆಲ್ಲ ಕುಟ್ಟಿ, ಒಂದಿಷ್ಟು ಹುರಿಗಡಲೆ ಸೇರಿಸಿದೆ. ಒಂದೇ ಒಂದು ಎಸಳು ಹಾಕಿ ಬೆಲ್ಲದಲ್ಲಿ ಮುಚ್ಚಿ ಕೊಡೋದು ನನಗೆ ಇಷ್ಟ ಇಲ್ಲ. ಕಹಿ ನಾಲಿಗೆಗೆ ತಾಗಲೇಬೇಕು, ಇಲ್ಲದಿದ್ದರೆ ಅದು ಸುಮ್ನೆ ಸಿಹಿ ತಿಂದ ಹಾಗೆ ಅಲ್ವಾ? ‘ಶತಾಯುರ್ ವಜ್ರದೇಹಾಯ’ ಶ್ಲೋಕ ಹೇಳಿಸಿ ಅಂಗೈಗೆ ಹಾಕಿದೆ. ಮೊಮ್ಮಗ ಮುಖ ಕಿವುಚಿದ, ಆದರೆ ಉಗಿಯಲಿಲ್ಲ. ತಾನೇ ಕಿತ್ತು ತಂದದ್ದು ಅಂತ ಎಲ್ಲರ ಕೈಗೂ ಹಂಚಿಕೊಂಡು ಬಂದ.

ಒಬ್ಬಟ್ಟಿಗೆ ತೊಗರಿಬೇಳೆ ಹೂರಣ. ಉಂಡೆ ಕಟ್ಟೋದು ಮಕ್ಕಳಿಗೆ, ಕಾವಲಿ ಹತ್ತಿರದ ಕೆಲಸ ನನಗೆ. ಬೇಳೆ ಬೆಂದ ಕಟ್ಟಿನಲ್ಲಿ ಒಬ್ಬಟ್ಟಿನ ಸಾರು.

ಊಟ ಆದ ಮೇಲೆ ಪಂಚಾಂಗ ತೆಗೆದೆ. ರಾಶಿಫಲ ಓದಲಿಲ್ಲ, ಸಂವತ್ಸರದ ಹೆಸರು ತೋರಿಸಿದೆ. ಈ ವರ್ಷ ಪರಾಭವ. ಸಂವತ್ಸರಗಳು ಒಟ್ಟು 60. ಒಂದು ಸುತ್ತು ಮುಗಿದ ಮೇಲೆ ಅದೇ ಹೆಸರು ಮತ್ತೆ ಬರುತ್ತೆ. ನಾನು ಹುಟ್ಟಿದ್ದು 1966ರ ಮಳೆಗಾಲದಲ್ಲಿ, ಆಗಲೂ ಪರಾಭವವೇ. ‘ಹಾಗಾದ್ರೆ ನನ್ನದು ಯಾವುದು?’ ಅಂತ ಮೊಮ್ಮಗಳು ಶುರು ಮಾಡಿದಳು. ಅವಳು ಹುಟ್ಟಿದ್ದು 2016ರ ಕೊನೆಗೆ, ಅಂದರೆ ದುರ್ಮುಖಿ. ತಮ್ಮನದು 2019, ವಿಕಾರಿ. ಹೆಸರು ಕೇಳಿ ಅವನು ನಕ್ಕಿದ್ದೇ ನಕ್ಕಿದ್ದು. ತನ್ನ ಸಂವತ್ಸರ 2076ಕ್ಕೆ ವಾಪಸ್ ಬರುತ್ತೆ ಅಂತ ಅವಳೇ ಲೆಕ್ಕ ಹಾಕಿ, ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಳು.

ನಮ್ಮ ಕಡೆ ಮರುದಿನ ಹೊಸತೊಡಕು, ಬಾಡೂಟ. ಮಕ್ಕಳಿಗೆ ಆ ದಿನ ನಾನು ಕಾದಿಟ್ಟಿದ್ದು ಸಂಜೆಯ ಚಂದ್ರನನ್ನ. ಸೂರ್ಯ ಮುಳುಗಿದ ಮೇಲೆ ಪಶ್ಚಿಮಕ್ಕೆ, ತುಂಬಾ ಕೆಳಗೆ ನೋಡಬೇಕು. ಗೆರೆಯಷ್ಟೇ ಇರುತ್ತಾನೆ, ಬೇಗ ಮುಳುಗಿಬಿಡುತ್ತಾನೆ. ತಡ ಮಾಡಿದರೆ ಸಿಗಲ್ಲ. ಹಾಗಾಗಿ ಮೊದಲೇ ತಾರಸಿ ಹತ್ತಿದೆವು. ತೆಂಗಿನ ಗರಿಗಳ ಸಂದಿಯಲ್ಲಿ ಮೊದಲು ಕಂಡಿದ್ದು ಮೊಮ್ಮಗನಿಗೆ. ಅವನು ತೋರಿಸಿದ ಮೇಲೆ ನಮಗೆಲ್ಲ ಕಂಡಿತು. ಚಂದ್ರನಿಗೆ ಕೈ ಮುಗಿದು, ಇಬ್ಬರೂ ಮನೆಯ ಹಿರಿಯರ ಕಾಲಿಗೆಲ್ಲ ನಮಸ್ಕಾರ ಮಾಡಿದರು. ಪಕ್ಕದ ಮನೆ ಅಜ್ಜಿಗೂ ಮಾಡಿ ಬರ್ತೀವಿ ಅಂತ ಇಬ್ಬರೂ ಕೆಳಗೆ ಓಡಿದರು.