ನಾಯಿಗೆ ಪಾರ್ಕ್ ಹುಡುಕುತ್ತಿದ್ದೀರಾ? ಮೊದಲ ಸಲ ನೀವೊಬ್ಬರೇ ಹೋಗಿ ಬನ್ನಿ

ಬೆಂಗಳೂರಲ್ಲಿ ನಾಯಿ ಸಾಕುವವರಿಗೆ ಊಟ, ಔಷಧಿ ಎಲ್ಲ ಹೇಗೋ ಸಿಗುತ್ತದೆ, ಜಾಗ ಸಿಗುವುದೇ ಕಷ್ಟ. ಮನೆ ಮುಂದೆ ಸದಾ ಗಾಡಿ ಓಡಾಟ, ಫುಟ್‌ಪಾತ್ ಮೇಲೂ ಬೈಕು. ಬೆಲ್ಟ್ ಬಿಚ್ಚಿ ಒಂದು ಹತ್ತು ನಿಮಿಷ ಓಡಲು ಬಿಡೋಣ ಅಂದರೆ ಎಲ್ಲಿಗೆ ಹೋಗುವುದು?

ನಮ್ಮ ಚುಕ್ಕಿ ಬೀದಿಯಿಂದ ಮನೆಗೆ ಬಂದವಳು. ಅವಳಿಗೆ ಒಂದು ವರ್ಷ ಆದಾಗ ಊರಾಚೆ ದುಡ್ಡು ಕೊಟ್ಟು ಹೋಗುವ ಒಂದು ಪಾರ್ಕಿಗೆ ಕರೆದುಕೊಂಡು ಹೋದೆ. ಫೋಟೋದಲ್ಲಿ ನೋಡಿದ್ದು ಅಷ್ಟೇ: ಹಸಿರು ಹುಲ್ಲು, ಹಾರುವುದಕ್ಕೆ ಬಳೆಗಳು, ಪುಟ್ಟ ಈಜುಕೊಳ. ಗೇಟು ಒಂದೇ ಇತ್ತು. ನಾವು ಹೋಗಿ ಕಾಲು ಗಂಟೆ ಆಗಿರಲಿಲ್ಲ, ಯಾರೋ ತಮ್ಮ ಲ್ಯಾಬ್ರಡಾರ್ ಕರೆದುಕೊಂಡು ಒಳಗೆ ಬಂದರು, ಗೇಟು ಎರಡಡಿ ತೆರೆದದ್ದೇ ತಡ ಚುಕ್ಕಿ ಅವರ ಕಾಲ ಸಂದಿಯಲ್ಲಿ ನುಸುಳಿ ಸೀದಾ ರಸ್ತೆಗೆ. ಆಚೆ ಟ್ರಕ್ ಹೋಗುತ್ತಿದ್ದವು. ನಾನು ಕೂಗಿಕೊಂಡು ಹಿಂದೆ ಓಡಿದಷ್ಟೂ ಅವಳು ಮುಂದೆ ಓಡಿದಳು. ರಸ್ತೆ ಬದಿಯ ಎಳನೀರು ಮಾರುವ ಅಣ್ಣ ಕೈಯಲ್ಲಿದ್ದ ಮಚ್ಚು ಕೆಳಗಿಟ್ಟು, ಕುಕ್ಕರಗಾಲಲ್ಲಿ ಕೂತು, "ಬಾರಮ್ಮ, ಬಾ" ಅಂತ ಮೆಲ್ಲಗೆ ಕರೆದು ಒಂದು ಚೂರು ಗಂಜಿ ನೆಲಕ್ಕೆ ಹಾಕಿದ. ಅವಳು ನಿಂತಳು, ಮೂಸಿದಳು, ತಿಂದಳು. ಅಷ್ಟರಲ್ಲಿ ಆತ ಅವಳ ಹಾರ್ನೆಸ್, ಅಂದರೆ ಎದೆಗೆ ಸುತ್ತಿ ಕಟ್ಟುವ ಬೆಲ್ಟ್, ಹಿಡಿದಿದ್ದ. ಆವತ್ತಿಂದ ನಾನು ಯಾವ ಪಾರ್ಕಿಗೆ ಹೋದರೂ ಮೊದಲು ನೋಡುವುದು ಗೇಟನ್ನೇ.

ಗೇಟು ಎರಡಿರಬೇಕು. ಮೊದಲ ಗೇಟು ದಾಟಿ ಒಳಗೆ ಬಂದು ಅದನ್ನು ಹಾಕಿ, ನಡುವಿನ ಚಿಕ್ಕ ಜಾಗದಲ್ಲಿ ಬೆಲ್ಟ್ ಬಿಚ್ಚಿ, ಆಮೇಲೆ ಎರಡನೇದು ತೆರೆಯಬೇಕು. ಬೇಲಿಯನ್ನು ದೂರದಿಂದ ನೋಡಿ ಸರಿ ಇದೆ ಅಂದುಕೊಳ್ಳಬೇಡಿ, ಸುತ್ತ ಒಂದು ಸಲ ನಡೆಯಿರಿ. ಕೆಳಗೆ ಮಣ್ಣು ಕೊಚ್ಚಿ ಹೋಗಿ ಸಂದಿ ಆಗಿದೆಯಾ, ತಂತಿ ತುದಿ ಎಲ್ಲಾದರೂ ಎದ್ದು ನಿಂತಿದೆಯಾ ನೋಡಿ. ಬೇಲಿ ಕಡಿಮೆ ಅಂದರೂ ನಿಮ್ಮ ಎದೆಮಟ್ಟಕ್ಕಿರಲಿ. ಮುಧೋಳ ನಾಯಿ ಇದ್ದವರಿಗೆ ಅದೂ ಸಾಲದು, ಆರಡಿ ಬೇಕು. ಬೇಟೆಗೆಂದೇ ಬೆಳೆದು ಬಂದ ತಳಿ ಅದು, ಕಣ್ಣಿಗೆ ಅಳಿಲು ಬಿತ್ತು ಅಂದರೆ ನಿಮ್ಮ ಮಾತು ಅದರ ಕಿವಿಗೆ ಬೀಳುವುದಿಲ್ಲ.

ಜಾಗಗಳನ್ನು ಹುಡುಕುವುದು ಎಲ್ಲಿ? ಮ್ಯಾಪಿನಲ್ಲಿ 'ಪೆಟ್ ಪಾರ್ಕ್' ಅಂತ ಹಾಕಿದರೆ ಒಂದಷ್ಟು ಬರುತ್ತದೆ. ಸ್ಟಾರ್ ಎಷ್ಟಿದೆ ಅಂತ ನೋಡುವುದಕ್ಕಿಂತ ಈಚೆಗೆ ಬಂದವರು ಹಾಕಿದ ಫೋಟೋ ನೋಡಿ. ನೆಲ, ಗೇಟು, ನೀರಿನ ತೊಟ್ಟಿ ಹೇಗಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ನಿಮ್ಮ ನಾಯಿಯ ಡಾಕ್ಟರನ್ನೂ ಕೇಳಿ. ಯಾವ ಕಡೆಯಿಂದ ಉಣ್ಣೆ ಹುಳ ಕಚ್ಚಿ ಜ್ವರ ಬಂದ ನಾಯಿಗಳು ಜಾಸ್ತಿ ಬರುತ್ತಿವೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಬೆಳಗ್ಗೆ ಆರಕ್ಕೆ ನಾಯಿ ಹಿಡಿದು ವಾಕಿಂಗ್ ಬರುವ ನಿಮ್ಮ ಏರಿಯಾದವರ ಹತ್ತಿರ ಇನ್ನೂ ಜಾಸ್ತಿ ವಿಷಯ ಇರುತ್ತದೆ, ಸುಮ್ನೆ ನಿಂತು ಮಾತಾಡಿಸಿ.

ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಕಬ್ಬನ್ ಪಾರ್ಕ್. ಅಲ್ಲಿ ನಾಯಿಗಳಿಗೆ ಬೇಲಿ ಹಾಕಿದ ಬೇರೆ ಜಾಗವೇ ಇದೆ, ಮಿಕ್ಕ ಕಡೆ ಬೆಲ್ಟ್ ಹಾಕಿಯೇ ನಡೆಸಬೇಕು. ಭಾನುವಾರ ಒಳಗಿನ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ, ಅದು ನಮಗೆ ಅನುಕೂಲ, ಆದರೆ ಆವತ್ತು ನಾಯಿಗಳೂ ಜಾಸ್ತಿ, ಜನರೂ ಜಾಸ್ತಿ. ಹೊಸ ನಾಯಿಯನ್ನು ವಾರದ ನಡುವೆ ಕರೆದುಕೊಂಡು ಹೋಗಿ. ಲಾಲ್‌ಬಾಗಿಗೆ ನಾಯಿ ಬಿಡುವುದಿಲ್ಲ, ಗೇಟಿನ ತನಕ ಹೋಗಿ ವಾಪಸ್ ಬರಬೇಡಿ. ಮೆಟ್ರೋದಲ್ಲೂ ಬಿಡುವುದಿಲ್ಲ, ಹಾಗಾಗಿ ಆಟೋದವರನ್ನು ಮೊದಲೇ ಕೇಳಿ ಹತ್ತಿ. ಹೈದರಾಬಾದಿನಲ್ಲಿ ಇರುವವರಿಗೆ ಕೊಂಡಾಪುರದಲ್ಲಿ ಪಾಲಿಕೆಯೇ 2018ರಲ್ಲಿ ನಾಯಿಗಳಿಗೆಂದು ಮಾಡಿದ ಪಾರ್ಕ್ ಇದೆ, ಸುಮಾರು 1.3 ಎಕರೆ.

ಮನೆ ಪಕ್ಕದ ಸಣ್ಣ ಪಾರ್ಕಿನಲ್ಲಿ 'ನಾಯಿಗಳಿಗೆ ಪ್ರವೇಶವಿಲ್ಲ' ಅಂತ ಬೋರ್ಡ್ ಇದೆಯಾ? ಜಗಳಕ್ಕೆ ಹೋಗಬೇಡಿ, ಹಾಗಂತ ಸುಮ್ಮನೂ ಆಗಬೇಡಿ. ಸಾಕುನಾಯಿಗಳನ್ನು ಪಾರ್ಕಿನಿಂದ ಪೂರ್ತಿ ದೂರ ಇಡುವುದು ಸರಿಯಲ್ಲ, ಬೇಕಿದ್ದರೆ ಎಲ್ಲರೂ ಕೂತು ಸಮಯ ಗೊತ್ತುಮಾಡಿಕೊಳ್ಳಿ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರತಿ ಹಿಡಿದು ನಿಮ್ಮ ಬಡಾವಣೆ ಸಂಘದವರ ಹತ್ತಿರ ಮಾತಾಡಿ, ಬೆಳಗ್ಗೆ ಒಂದು ಗಂಟೆ ಕೊಡಿ ಸಾಕು ಅಂತ ಕೇಳಿ.

ಎರಡು ಮೂರು ಜಾಗ ಗೊತ್ತಾದ ಮೇಲೆ ಒಂದು ದಿನ ನಾಯಿಯನ್ನು ಮನೆಯಲ್ಲೇ ಬಿಟ್ಟು ನೀವೊಬ್ಬರೇ ಹೋಗಿ. ಮುಂದೆ ಯಾವ ಹೊತ್ತಿಗೆ ಹೋಗುತ್ತೀರೋ ಅದೇ ಹೊತ್ತಿಗೆ ಹೋಗಿ, ಒಂದು ಅರ್ಧ ಗಂಟೆ ಕೂತು ನೋಡಿ. ನೆಲ ನೋಡಿ: ಹುಲ್ಲು ಮೊಣಕಾಲೆತ್ತರ ಬೆಳೆದಿದ್ದರೆ ಉಣ್ಣೆ ಇರುತ್ತವೆ, ಹಾವಿನ ಭಯವೂ ಇರುತ್ತದೆ. ಬೇಲಿ ಪಕ್ಕ ಕಾಂಗ್ರೆಸ್ ಗಿಡ ಬೆಳೆದಿದ್ದರೆ ಕೆಲವು ನಾಯಿಗಳಿಗೆ ಮೈಯೆಲ್ಲ ಕೆರೆತ ಬರುತ್ತದೆ. ಚಂದಕ್ಕೆ ಅಂತ ಕಣಗಿಲೆ ನೆಟ್ಟಿರುತ್ತಾರೆ, ಅದರ ಎಲೆ, ಹೂವು, ಕಡ್ಡಿ ಎಲ್ಲ ನಾಯಿಗೆ ವಿಷ, ಕಡ್ಡಿ ಕಚ್ಚುವ ಚಟ ಇರುವ ಮರಿಯನ್ನು ಅಂಥ ಕಡೆ ಬಿಡಲೇಬೇಡಿ. ಮಳೆಗಾಲದಲ್ಲಿ ನೀರು ನಿಂತಿದೆಯಾ ನೋಡಿ, ಇಲಿ ಜ್ವರ ಬರುವುದು ಅಂಥ ನೀರಿನಿಂದಲೇ, ಅದು ನಾಯಿಗೂ ಬರುತ್ತದೆ ನಮಗೂ ಬರುತ್ತದೆ. ಹೊಂಗೆಯೋ ಬೇವೋ ಒಂದೆರಡು ನೆರಳಿನ ಮರ ಇರಬೇಕು. ಬೇಸಿಗೆಯಲ್ಲಿ ಕಲ್ಲು ಹಾಸಿದ ಜಾಗಕ್ಕೆ ಅಂಗೈ ಹಿಂಭಾಗ ಇಟ್ಟು ಏಳು ಎಣಿಸಿ, ನಿಮ್ಮ ಕೈ ತಡೆಯದಿದ್ದರೆ ಅದರ ಪಾದವೂ ತಡೆಯುವುದಿಲ್ಲ.

ಆಮೇಲೆ ಜನರನ್ನು ನೋಡಿ. ನನ್ನ ಪ್ರಕಾರ ಪಾರ್ಕು ಒಳ್ಳೆಯದೋ ಅಲ್ಲವೋ ಅನ್ನುವುದು ಗೊತ್ತಾಗುವುದು ಇಲ್ಲೇ. ನಾಯಿ ಬಿಟ್ಟು ಎಲ್ಲರೂ ಮೊಬೈಲ್ ನೋಡುತ್ತಾ ಕೂತಿದ್ದಾರಾ, ಇಲ್ಲ ತಮ್ಮ ನಾಯಿ ಹಿಂದೆಯೇ ಕಣ್ಣಿಟ್ಟಿದ್ದಾರಾ? ಒಂದು ನಾಯಿ ಇನ್ನೊಂದನ್ನು ಮೂಲೆಗೆ ತಳ್ಳುತ್ತಿದ್ದರೆ ಯಾರಾದರೂ ಎದ್ದು ಹೋಗುತ್ತಾರಾ? ಸಣ್ಣ ನಾಯಿಗಳಿಗೆ ಬೇರೆ ಜಾಗ ಇದೆಯಾ? ದುಡ್ಡು ತೆಗೆದುಕೊಳ್ಳುವ ಜಾಗ ಆದರೆ, ಬಾಗಿಲಲ್ಲೇ ಲಸಿಕೆ ಕಾರ್ಡ್ ಕೇಳುತ್ತಾರಾ? ಕಾರ್ಡ್ ಕೇಳದೆ ದುಡ್ಡು ಮಾತ್ರ ಕೇಳಿದರೆ ಅಲ್ಲಿಗೆ ಹೋಗಬೇಡಿ, ಎಷ್ಟೇ ಚಂದ ಇರಲಿ.

ಲಸಿಕೆ ಮುಗಿಯದ ಮರಿಯನ್ನು ಪಾರ್ಕಿಗೆ ಕರೆದುಕೊಂಡು ಹೋಗಲೇಬೇಡಿ. ಮರಿಗೆ 6ರಿಂದ 8 ವಾರ ಆದಾಗ ಚುಚ್ಚುಮದ್ದು ಶುರುವಾಗಿ, ಮೂರ್ನಾಲ್ಕು ವಾರಕ್ಕೊಂದರಂತೆ 16 ವಾರದ ತನಕ ನಡೆಯುತ್ತದೆ. ಕೊನೆಯ ಚುಚ್ಚುಮದ್ದು ಆದ ಮೇಲೆ ಎರಡು ವಾರ ಕಳೆಯಲಿ. ಮರಿಗಳಿಗೆ ವಾಂತಿ ಭೇದಿ ತರುವ ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿದುಕೊಳ್ಳುತ್ತದೆ, ಕಾಯಿಲೆ ನಾಯಿ ಹೋಗಿ ಎಷ್ಟೋ ದಿನ ಆದ ಮೇಲೂ ನಿಮ್ಮ ಮರಿ ಅದೇ ಜಾಗ ಮೂಸಿದರೆ ಸಾಕು. ರೇಬೀಸ್ ಲಸಿಕೆಯ ತಾರೀಕೂ ದಾಟಿರಬಾರದು. ಬೆದೆಗೆ ಬಂದ ಹೆಣ್ಣುನಾಯಿಯನ್ನು ಆ ಮೂರು ವಾರ ಕರೆದುಕೊಂಡು ಹೋಗಬೇಡಿ, ಸಭ್ಯ ನಾಯಿಗಳೂ ಕಚ್ಚಾಡಿಬಿಡುತ್ತವೆ.

ಮೊದಲ ದಿನ 15 ನಿಮಿಷ ಸಾಕು. ಬೇಲಿ ಹೊರಗೆ ಒಂದು ಸುತ್ತು ಹಾಕಿಸಿ, ಒಳಗಿನವು ಇದನ್ನು ಮೂಸಲಿ, ಇದು ಅವನ್ನು ಮೂಸಲಿ. ಆಮೇಲೆ ಎರಡು ಗೇಟಿನ ನಡುವೆ ಬೆಲ್ಟ್ ಬಿಚ್ಚಿಯೇ ಒಳಗೆ ಬಿಡಿ. ಎಲ್ಲ ನಾಯಿಗಳೂ ಬಿಡಾಡಿಯಾಗಿದ್ದು ನಿಮ್ಮದೊಂದೇ ಕಟ್ಟಿಕೊಂಡಿದ್ದರೆ ಅದಕ್ಕೆ ತಪ್ಪಿಸಿಕೊಳ್ಳಲು ದಾರಿ ಇಲ್ಲ ಅನ್ನಿಸಿ ಹಲ್ಲು ತೋರಿಸುತ್ತದೆ. ತಿಂಡಿ, ಚೆಂಡು ಎರಡನ್ನೂ ಆವತ್ತು ತರಬೇಡಿ, ಜಗಳ ಜಾಸ್ತಿ ಹುಟ್ಟುವುದು ಅವುಗಳಿಂದಲೇ.

ಆಟವೋ ಜಗಳವೋ ಗೊತ್ತಾಗದಿದ್ದರೆ ಹೀಗೆ ನೋಡಿ. ಆಟಕ್ಕೆ ಕರೆಯುವ ನಾಯಿ ಮುಂಗಾಲು ಚಾಚಿ ಎದೆಯನ್ನು ನೆಲಕ್ಕೆ ತಂದು, ಹಿಂಭಾಗ ಮೇಲೆತ್ತಿ ಬಾಲ ಆಡಿಸುತ್ತದೆ. ಒಮ್ಮೆ ಇದು ಓಡಿಸಿದರೆ ಇನ್ನೊಮ್ಮೆ ಅದು ಓಡಿಸುತ್ತದೆ. ಮೈಯೆಲ್ಲ ಬಿಗಿದು, ಬಾಲ ಕಡ್ಡಿಯಂತೆ ನೆಟ್ಟಗೆ ನಿಂತು, ಕಣ್ಣು ರೆಪ್ಪೆ ಹೊಡೆಯದೆ ನೋಡುತ್ತಿದ್ದರೆ ತಕ್ಷಣ ಕರೆದುಕೊಳ್ಳಿ. ಅನುಮಾನ ಇದ್ದರೆ ಅಟ್ಟಿಸುವ ನಾಯಿಯನ್ನು ಒಂದು ನಿಮಿಷ ಹಿಡಿದುಕೊಳ್ಳಿ: ಇನ್ನೊಂದು ವಾಪಸ್ ಬಂದರೆ ಆಟ, ದೂರ ಹೋದರೆ ಅದಕ್ಕೆ ಸಾಕಾಗಿತ್ತು. ಕಚ್ಚಾಟ ಶುರುವಾದರೆ ನಾಯಿಯ ಕತ್ತಿಗೆ ಕೈ ಹಾಕಬೇಡಿ, ನಿಮ್ಮ ಕೈಯೇ ಹೋಗುತ್ತದೆ. ನೀರು ಎರಚಿ. ಆಗದಿದ್ದರೆ ಇಬ್ಬರೂ ತಂತಮ್ಮ ನಾಯಿಯ ಹಿಂಗಾಲು ಹಿಡಿದು ಹಿಂದಕ್ಕೆ ಎಳೆಯಿರಿ. ನಿಮಗೆ ಹಲ್ಲು ತಾಗಿದರೆ ಸೋಪು ಹಚ್ಚಿ ನಲ್ಲಿ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ಕಚ್ಚಿದ್ದು ಸಾಕುನಾಯಿಯೇ ಆಗಿದ್ದರೂ ಸರಿ.

ಕಕ್ಕ ಎತ್ತಿ. ಹಳೇ ಪೇಪರ್ ಆಗಲಿ, ಕವರ್ ಆಗಲಿ, ಜೇಬಲ್ಲಿ ಯಾವಾಗಲೂ ಎರಡಿರಲಿ. 2022ರಲ್ಲಿ ಕಬ್ಬನ್ ಪಾರ್ಕಿಗೆ ಜುಲೈ 1ರಿಂದ ನಾಯಿ ತರಬಾರದು ಅಂತ ತೋಟಗಾರಿಕೆ ಇಲಾಖೆಯವರು ಹೊರಟಿದ್ದರು, ನಾಯಿ ಸಾಕಿದವರು ವಿರೋಧಿಸಿದ ಮೇಲೆ ಅದು ನಿಂತಿತು. ಕೆಲವರು ಕಕ್ಕ ಎತ್ತುವುದಿಲ್ಲ, ಬೆಲ್ಟ್ ಹಾಕುವುದಿಲ್ಲ ಅನ್ನುವ ದೂರುಗಳೇ ಅದಕ್ಕೆ ಕಾರಣ ಆಗಿದ್ದವು. ಆ ದೂರಲ್ಲಿ ಸುಳ್ಳೇನಿರಲಿಲ್ಲ, ಅಲ್ವಾ? ಮಕ್ಕಳು ಬರಿಗಾಲಲ್ಲಿ ಆಡುವ ಹುಲ್ಲು ಅದು.

ಮನೆಗೆ ಬಂದ ಮೇಲೆ ಐದು ನಿಮಿಷ ಮೈ ತಡವಿ ನೋಡಿ. ಕಿವಿ ಒಳಗೆ, ಬೆರಳ ಸಂದಿಯಲ್ಲಿ, ಬೆಲ್ಟ್ ಕೆಳಗೆ, ಕಂಕುಳಲ್ಲಿ, ಬಾಲದ ಬುಡದಲ್ಲಿ. ಉಣ್ಣೆ ಸಿಕ್ಕಿದರೆ ಚಿಮುಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೆಟ್ಟಗೆ ಎಳೆಯಿರಿ, ಸುಡುವುದು, ಸೀಮೆಎಣ್ಣೆ ಹಾಕುವುದು ಬೇಡ. ಮುಂದಿನ ಎರಡು ಮೂರು ವಾರದೊಳಗೆ ಯಾವಾಗಲಾದರೂ ಊಟ ಬಿಟ್ಟರೆ, ಮಂಕಾದರೆ, ಒಸಡು ಬಿಳಿಚಿಕೊಂಡರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ.

ಎಲ್ಲ ನಾಯಿಗೂ ಪಾರ್ಕ್ ಹಿಡಿಸುವುದಿಲ್ಲ. ವಯಸ್ಸಾದವು, ಹೆದರುಪುಕ್ಕಲು ನಾಯಿಗಳು, ಬೇರೆ ನಾಯಿ ಕಂಡರೆ ಆಗದವು, ಇವಕ್ಕೆ ಅದು ಹಿಂಸೆ. ಸಣ್ಣ ಊರುಗಳಲ್ಲಂತೂ ಇಂಥ ಪಾರ್ಕ್ ಸಿಗುವುದೇ ಅಪರೂಪ. ಹಾಗಿದ್ದರೆ 30 ಅಡಿಯ ಹಗುರ ಹಗ್ಗ ತೆಗೆದುಕೊಳ್ಳಿ, ಅದನ್ನು ಹಾರ್ನೆಸ್ಸಿಗೆ ಕಟ್ಟಿ, ಕತ್ತಿನ ಬೆಲ್ಟಿಗೆ ಬೇಡ. ಹತ್ತಿರದ ಶಾಲೆಯವರನ್ನು ಕೇಳಿಕೊಂಡು ಬೆಳಗ್ಗೆ ಮಕ್ಕಳು ಬರುವ ಮೊದಲು ಮೈದಾನಕ್ಕೆ ಹೋಗಿ. ನಾವೀಗ ವಾರಕ್ಕೆ ಮೂರು ದಿನ ಹಾಗೇ ಹೋಗುತ್ತೇವೆ. ಚುಕ್ಕಿ ಆ ತುದಿಯಿಂದ ಈ ತುದಿಗೆ ಓಡಿ, ಹಗ್ಗ ಮುಗಿಯುವ ಮೊದಲೇ ತಾನಾಗಿ ತಿರುಗಿ ನನ್ನ ಕಡೆ ನೋಡುತ್ತಾಳೆ. ಮೆಲ್ಲಗೆ "ಬಾರಮ್ಮ" ಅಂದರೆ ಬರುತ್ತಾಳೆ.