ಫ್ರಿಜ್ಜಿನ ಬಾಗಿಲ ರಬ್ಬರ್ ಯಾವತ್ತಾದರೂ ಮುಟ್ಟಿ ನೋಡಿದ್ದೀರಾ?

ಮೊನ್ನೆ ಮಗಳ ಮನೆಗೆ ಹೋಗಿದ್ದೆ. ಕರೆಂಟ್ ಬಿಲ್ ಜಾಸ್ತಿ ಬಂತು ಅಂತ ಅಳಿಯ ಮನೆಯಿಡೀ ಸ್ವಿಚ್ ಆರಿಸುತ್ತಾ ಓಡಾಡುತ್ತಿದ್ದ. ಅದು 9 ವ್ಯಾಟಿನ ಎಲ್‌ಇಡಿ ಬಲ್ಬು. ನೂರು ಗಂಟೆ ಉರಿದರೂ ಒಂದು ಯೂನಿಟ್ ಆಗುವುದಿಲ್ಲ. ಅತ್ತ ಮಗಳು ಫ್ರಿಜ್ಜಿನ ಬಾಗಿಲು ಹಾರುಹೊಡೆದುಕೊಂಡು, "ಅಮ್ಮಾ, ಇವತ್ತು ಏನು ಮಾಡಲಿ?" ಅಂತ ಯೋಚಿಸುತ್ತಾ ನಿಂತಿದ್ದಳು. ಬಚ್ಚಲಲ್ಲಿ ಬೆಳಿಗ್ಗೆ ಹಾಕಿದ್ದ ಗೀಸರ್ ಇನ್ನೂ ಆನ್ ಇತ್ತು. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಕಾಯಿಸಿದರೆ ಅಲ್ಲಿಗೆ ಒಂದು ಯೂನಿಟ್. ಬಲ್ಬ್ ಆರಿಸಬೇಡಿ ಅನ್ನುತ್ತಿಲ್ಲ, ಆರಿಸಿ. ಆದರೆ ಅದೊಂದನ್ನೇ ಮಾಡಿ ದೊಡ್ಡ ಉಳಿತಾಯ ಮಾಡಿದೆವು ಅಂತ ಬೀಗಬೇಡಿ.

ಮನೆಯಲ್ಲಿ ಹಗಲೂ ರಾತ್ರಿ ನಡೆಯುವ ಯಂತ್ರ ಫ್ರಿಜ್ಜು. ಅದರ ಬಾಗಿಲ ಸುತ್ತ ಇರುವ ರಬ್ಬರನ್ನು ಮಾತ್ರ ಯಾರೂ ನೋಡುವುದಿಲ್ಲ. ಹೊರಗೆ ಫಳಫಳ ಒರೆಸುತ್ತೀರಿ, ಮೇಲೆ ಹೂದಾನಿ ಇಡುತ್ತೀರಿ. ರಬ್ಬರಿನ ಮಡಿಕೆ ಬಿಡಿಸಿದರೆ ಕಪ್ಪು ಕಪ್ಪು ಜಿಡ್ಡು! ಅದರಿಂದ ಬಾಗಿಲು ಬಿಗಿಯಾಗಿ ಕೂರದೆ ತಂಪು ಹೊರಗೆ ಸೋರಿದರೆ, ಫ್ರಿಜ್ಜು ಬಿಡುವಿಲ್ಲದೆ ಓಡಿ ಕರೆಂಟ್ ತಿನ್ನುತ್ತದೆ.

ನನಗೂ ಇದು ಪೆಟ್ಟು ತಿಂದ ಮೇಲೆ ಬಂದ ಬುದ್ಧಿ. ನಮ್ಮ ಮೊದಲ ಫ್ರಿಜ್ಜು ಒಂದು ಬೇಸಿಗೆಯಲ್ಲಿ ಬಿಡುವಿಲ್ಲದೆ ಗುಂಯ್ ಅನ್ನತೊಡಗಿತು. ರಿಪೇರಿಯವನೊಬ್ಬ ಬಂದು ಕಂಪ್ರೆಸರ್ ಹೋಗಿದೆ ಅಂದ, ದುಡ್ಡು ತೆಗೆದುಕೊಂಡು ಬದಲಾಯಿಸಿದ. ಗುಂಯ್ ನಿಲ್ಲಲಿಲ್ಲ. ಕೊನೆಗೆ ನಮ್ಮತ್ತೆ ಬಾಗಿಲ ಸಂದಿಗೆ ಕೈ ಹಿಡಿದು, "ಇಲ್ಲಿ ತಣ್ಣಗೆ ಗಾಳಿ ಬರ್ತಿದೆಯಲ್ಲೇ" ಅಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ದುಡ್ಡು ಹೋದ ಮೇಲೆ ರಬ್ಬರ್ ಉಜ್ಜಿದೆ.

ಮೊದಲು ಪರೀಕ್ಷೆ. ಒಂದು ಕಾಗದದ ಚೂರನ್ನು ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಹಿಡಿದು ಬಾಗಿಲು ಮುಚ್ಚಿ. ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸುಲಭವಾಗಿ ಜಾರಿ ಬಂದರೆ ಅಲ್ಲಿ ಸಂದಿ ಇದೆ. ಒಂದು ಕಡೆ ನೋಡಿ ಕೈ ತೊಳೆದುಕೊಳ್ಳಬೇಡಿ. ನಾಲ್ಕೂ ಬದಿ, ನಾಲ್ಕೂ ಮೂಲೆ ನೋಡಬೇಕು. ತಿರುಗಣಿ ಇರುವ ಬದಿಯ ಕೆಳಮೂಲೆಯನ್ನು ಎರಡು ಸಲ ನೋಡಿ, ಕಳ್ಳ ಅಲ್ಲೂ ಕೂತಿರಬಹುದು.

ಆಮೇಲೆ ಪ್ಲಗ್ ಕಿತ್ತು ಕೆಲಸ ಶುರು ಮಾಡಿ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಎರಡು ಹನಿ ಸಾಕು. ನೊರೆ ಉಕ್ಕುವಷ್ಟು ಸುರಿಯಬೇಡಿ, ತೆಗೆಯುವುದೇ ಇನ್ನೊಂದು ಕೆಲಸವಾಗುತ್ತದೆ. ಹಳೆಯ, ಮೆತ್ತಗಿನ ಹಲ್ಲುಜ್ಜುವ ಬ್ರಷ್ಷಿನಿಂದ ಮಡಿಕೆಯ ಒಳಗೆ ಉದ್ದುದ್ದಕ್ಕೆ ಉಜ್ಜಿ. ಚಾಕು, ಸೂಜಿ ಹಾಕಿ ಕೆರೆದೀರಿ ಜೋಕೆ, ರಬ್ಬರ್ ಹರಿದರೆ ಕಥೆ ಮುಗಿಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ. (ಅದೇ ಬ್ರಷ್ಷಿನಿಂದ ನಲ್ಲಿಯ ಬುಡವನ್ನೂ ಒಮ್ಮೆ ಉಜ್ಜಿಬಿಡಿ. ಅಲ್ಲಿ ಬಿಳಿ ಉಪ್ಪು ಕಟ್ಟಿದ್ದು ನನ್ನ ಕಣ್ಣಿಗೆ ಬೀಳುತ್ತದೆ, ನಿಮ್ಮ ಕಣ್ಣಿಗೆ ಯಾಕೆ ಬೀಳುವುದಿಲ್ಲವೋ!) ನಲ್ಲಿಗೆ ಹೋದ ಬ್ರಷ್ ಮತ್ತೆ ಫ್ರಿಜ್ಜಿಗೆ ಬೇಡ, ಅದಕ್ಕೆ ಬೇರೆ ಇಟ್ಟುಕೊಳ್ಳಿ.

ರಬ್ಬರ್ ಎಲ್ಲಾದರೂ ಸೊಟ್ಟಗಾಗಿದ್ದರೆ ಬಿಸಿ ನೀರಲ್ಲಿ ಹಿಂಡಿದ ಬಟ್ಟೆಯನ್ನು ಅಲ್ಲಿ ಒತ್ತಿ ಹಿಡಿಯಿರಿ. ಮೆತ್ತಗಾದ ಮೇಲೆ ಬೆರಳಲ್ಲಿ ಎಳೆದು ನೇರ ಮಾಡಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಬಿಡಿ. ಕೊನೆಗೆ ಪೆಟ್ರೋಲಿಯಂ ಜೆಲ್ಲಿ, ಬೆರಳ ತುದಿಗೆ ಮುಟ್ಟಿಸಿದೆನೋ ಇಲ್ಲವೋ ಅನ್ನುವಷ್ಟು, ಉದ್ದಕ್ಕೂ ಸವರಿ. ಅಡುಗೆ ಎಣ್ಣೆ ಬೇಡವೇ ಬೇಡ. ಅಂಟಂಟಾಗಿ ಧೂಳು ಹಿಡಿಯುತ್ತದೆ. ಮತ್ತೆ ಕಾಗದ ಇಟ್ಟು ನೋಡಿ. ಆಗಲೂ ಜಾರಿದರೆ ರಬ್ಬರ್ ಬದಲಾಯಿಸಿ, ಫ್ರಿಜ್ಜನ್ನಲ್ಲ.

ಫ್ರಿಜ್ಜಿನ ಹಿಂದೆ ಗಾಳಿಯಾಡಲು ಜಾಗ ಬಿಡಿ. ಬಿಸಿ ಪಾತ್ರೆ ಒಳಗೆ ತುರುಕಬೇಡಿ. ಒಳಗೆ 4 ಡಿಗ್ರಿ ಇದ್ದರೆ ಸಾಕು.

ಉಳಿದದ್ದೆಲ್ಲ ನಿಮಗೆ ಗೊತ್ತಿರುವುದೇ, ಮಾಡುವುದಿಲ್ಲ ಅಷ್ಟೇ. ವಾಷಿಂಗ್ ಮಷಿನ್ನಿನಲ್ಲಿ ನೀರು ಬಿಸಿ ಮಾಡಿಕೊಂಡು ಒಗೆದರೆ ಕರೆಂಟ್ ಹೆಚ್ಚಾಗಿ ಹೋಗುವುದು ಆ ಬಿಸಿಗೇ. ದಿನಾ ಉಡುವ ಬಟ್ಟೆಗೆ ತಣ್ಣೀರು ಸಾಕು. ಇಸ್ತ್ರಿಪೆಟ್ಟಿಗೆಯನ್ನು ಕೊನೆಯ ಬಟ್ಟೆಗೆ ಮೊದಲೇ ಆರಿಸಿ, ಉಳಿದ ಕಾವಿನಲ್ಲೇ ಅದು ಮುಗಿಯುತ್ತದೆ. ಫ್ಯಾನು ತಂಪು ಮಾಡುವುದು ಮೈಯನ್ನು, ಕೋಣೆಯನ್ನಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಅದು ಸುಮ್ನೆ ಯಾರಿಗೆ ಗಾಳಿ ಬೀಸುತ್ತಿದೆ? ಪಾತ್ರೆಗೆ ತಟ್ಟೆ ಮುಚ್ಚಿ ಬೇಯಿಸಿ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ, ಮತ್ತೆ ಹೇಳುವುದಿಲ್ಲ.

ಮಗಳ ಮನೆಯ ಫ್ರಿಜ್ಜಿನಲ್ಲಿ ಕಾಗದ ಮೂರು ಕಡೆ ಜಾರಿತು. ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವಳ ಕೈಯಲ್ಲೇ ಉಜ್ಜಿಸಿದೆ. ರಾತ್ರಿ ಅಳಿಯ ಅಡುಗೆಮನೆಗೆ ನೀರು ಕುಡಿಯಲು ಬಂದವನು ಅಲ್ಲೇ ನಿಂತ. "ಅತ್ತೆ, ಫ್ರಿಜ್ ಸದ್ದೇ ಮಾಡ್ತಿಲ್ಲ. ಕೆಟ್ಟು ಹೋಯ್ತಾ?" ಅಂದ.