ಎಂ.ಎಡ್. ಡಿಸರ್ಟೇಶನ್‌ಗೆ ಇತಿಹಾಸ ಪಾಠಾನೇ ತಗೊಂಡೆ: ನನ್ನ ಅನುಭವ

ಹಿಸ್ಟರಿ, ಕನ್ನಡ, ಪೊಲಿಟಿಕಲ್ ಸೈನ್ಸ್ ಓದ್ಕೊಂಡು ಬಿ.ಎಡ್. ಮುಗಿಸಿ ಈಗ ಎಂ.ಎಡ್. ಸೇರ್ತಿರೋರಿಗೆ ನಾನು ಹೇಳೋದು ಒಂದೇ, ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ಟಾಪಿಕ್ ನಿಮ್ಮ ಸಬ್ಜೆಕ್ಟ್ ಒಳಗಿಂದಾನೇ ತಗೊಳ್ಳಿ. ಶಿಕ್ಷಕರ ತರಬೇತಿ ಕೋರ್ಸುಗಳನ್ನ ನೋಡ್ಕೊಳ್ಳೋ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮ ಬಂದ್ಮೇಲೆ ಕೋರ್ಸು ಎರಡು ವರ್ಷ ಆಯ್ತಲ್ಲ, ಅದ್ರಲ್ಲಿ ಫಿಲಾಸಫಿ, ಸೈಕಾಲಜಿ, ಸೋಶಿಯಾಲಜಿ, ರಿಸರ್ಚ್ ಮೆಥಡಾಲಜಿ, ಇಂಟರ್ನ್‌ಶಿಪ್ ಎಲ್ಲಾ ಇರುತ್ತೆ, ಆದ್ರೆ ಸಮಾಜ ವಿಜ್ಞಾನ ಹೇಗೆ ಕಲಿಸ್ಬೇಕು ಅನ್ನೋದನ್ನ ಕೂತು ಯೋಚ್ನೆ ಮಾಡೋಕೆ ನನಗೆ ಜಾಗ ಸಿಕ್ಕಿದ್ದು ಡಿಸರ್ಟೇಶನ್‌ನಲ್ಲೇ.

ನಮ್ಮ ಬ್ಯಾಚಲ್ಲಿ ಸುಮಾರು ಜನ ಆಟಿಟ್ಯೂಡ್, ಸ್ಟ್ರೆಸ್, ಅಡ್ಜಸ್ಟ್‌ಮೆಂಟ್ ಇಂಥ ಟಾಪಿಕ್ ತಗೊಂಡ್ರು. ಅದಕ್ಕೆ ರೆಡಿ ಟೂಲ್, ಅಂದ್ರೆ ಮೊದಲೇ ಮಾಡಿಟ್ಟ ಪ್ರಶ್ನಾವಳಿ ಸಿಗುತ್ತೆ, ಶಾಲೆಗೆ ಹೋಗಿ ಹಂಚಿ ತುಂಬಿಸ್ಕೊಂಡು ಬಂದ್ರೆ ಡೇಟಾ ಕೈಗೆ ಬಂತು. ನನಗೆ ಅದು ಬೇಡ ಅನ್ನಿಸ್ತು. ಎಂಟನೇ ಕ್ಲಾಸಿನ ಮೊದಲ್ನೇ ಪಾಠ ‘ಆಧಾರಗಳು’ ವರ್ಷಾ ವರ್ಷ ಮಾಡ್ತಿದ್ದೆ, ಸಾಹಿತ್ಯ ಆಧಾರ, ಪುರಾತತ್ವ ಆಧಾರ ಅಂತ ಮಕ್ಳು ಬಾಯಿಪಾಠ ಮಾಡಿ ಬರೀತಿದ್ರು, ಒಂದು ಶಾಸನ ಮುಂದೆ ಇಟ್ರೆ ಏನು ಕೇಳ್ಬೇಕು ಅಂತ ಮಾತ್ರ ಗೊತ್ತಾಗ್ತಿರ್ಲಿಲ್ಲ. ಇದನ್ನೇ ಗೈಡ್ ಮೇಡಂ ಹತ್ರ ಹೇಳ್ದೆ, ‘ಟೂಲ್ ನೀವೇ ಕಟ್ಬೇಕಾಗುತ್ತೆ ನೋಡಿ, ಕೆಲ್ಸ ಜಾಸ್ತಿ’ ಅಂದ್ರು, ಆಗ್ಲಿ ಮೇಡಂ ಅಂದೆ.

ಆಧಾರಕ್ಕೆ ದೂರ ಹೋಗ್ಲಿಲ್ಲ. 1537ರಲ್ಲಿ ಕೆಂಪೇಗೌಡ್ರು ಬೆಂಗಳೂರು ಕಟ್ಟಿದ್ರು ಅನ್ನೋದು ಎಲ್ಲಾ ಮಕ್ಳಿಗೂ ಗೊತ್ತು. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ, ಸುಮಾರು 890ರ ಶಾಸನ ಇದೆ, ಅದ್ರಲ್ಲಿ ‘ಬೆಂಗಳೂರ ಕಾಳಗ’ದಲ್ಲಿ ನಾಗತ್ತರ ಅನ್ನೋ ಸ್ಥಳೀಯ ನಾಯಕನ ಕಡೆಯವ್ರು ಸತ್ತಿದ್ದು ಇದೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಸುಮ್ನಾದೆ. ಸ್ವಲ್ಪ ಹೊತ್ತಿಗೇ ಕ್ಲಾಸಲ್ಲಿ ಗಲಾಟೆ ಶುರು! ‘ಮಿಸ್, ಹಂಗಾದ್ರೆ ಕೆಂಪೇಗೌಡ್ರಿಗಿಂತ ಮುಂಚೇನೇ ಬೆಂಗಳೂರು ಇತ್ತಾ?’ ‘ಅದು ಇದೇ ಬೆಂಗಳೂರಾ, ಬೇರೆ ಊರಿರ್ಬೋದಲ್ವಾ ಮಿಸ್?’ ಎರಡನೇ ಪ್ರಶ್ನೆ ಕೇಳಿದ ಹುಡುಗಿ ಪರೀಕ್ಷೇಲಿ ಯಾವತ್ತೂ ಮುಂದೆ ಇದ್ದೋಳಲ್ಲ, ಆದ್ರೆ ಇತಿಹಾಸಕಾರರು ಕೇಳೋ ಪ್ರಶ್ನೆ ಅದೇ. ಊರು ಇರೋದು ಬೇರೆ, ಕೋಟೆ ಪೇಟೆ ಕಟ್ಟೋದು ಬೇರೆ ಅಂತ ಕೊನೆಗೆ ಮಕ್ಳೇ ವಾದ ಮಾಡಿ ಅಲ್ಲಿಗೆ ಬಂದು ನಿಂತ್ರು, ನಾನು ಬೋರ್ಡ್ ಮೇಲೆ ಬರ್ಕೊಂಡಿದ್ದಷ್ಟೇ.

ಈಗ ಟೂಲ್ ವಿಷ್ಯ. ಸ್ಯಾಮ್ ವೈನ್‌ಬರ್ಗ್ ಅನ್ನೋ ಅಮೆರಿಕದ ಸಂಶೋಧಕರು 1991ರಲ್ಲಿ ಇತಿಹಾಸಕಾರರಿಗೂ ಹೈಸ್ಕೂಲ್ ಮಕ್ಕಳಿಗೂ ಅವೇ ದಾಖಲೆ ಕೊಟ್ಟು ಹೇಗೆ ಓದ್ತಾರೆ ಅಂತ ನೋಡಿದ್ರು. ಇತಿಹಾಸಕಾರರು ಮೊದಲು ಇದನ್ನ ಬರೆದಿದ್ದು ಯಾರು ಅಂತ ನೋಡ್ತಾರೆ, ಆ ಕಾಲದೊಳಗೆ ಇಟ್ಟು ಓದ್ತಾರೆ, ಬೇರೆ ಆಧಾರದ ಜೊತೆ ತಾಳೆ ಹಾಕ್ತಾರೆ. ಈ ಮೂರನ್ನ ಇಟ್ಕೊಂಡು ಕನ್ನಡದಲ್ಲಿ ಪ್ರಶ್ನೆಗಳನ್ನ ಮಾಡ್ದೆ, ಪ್ರತಿ ಉತ್ತರಕ್ಕೆ ಸೊನ್ನೆಯಿಂದ 3ರವರೆಗೆ ಅಂಕ, ಯಾವ ಥರ ಉತ್ತರಕ್ಕೆ ಎಷ್ಟು ಅಂತ ನಮೂನೆ ಸಮೇತ ರೂಬ್ರಿಕ್ ಬರ್ದೆ. ಅನುಭವ ಇರೋ ಟೀಚರ್‌ಗಳಿಗೆ ತೋರ್ಸಿ ತಿದ್ದಿಸ್ಕೊಂಡೆ, ಬೇರೆ ಶಾಲೇಲಿ ಪೈಲಟ್ ಮಾಡ್ದೆ, ಅಂದ್ರೆ ಮೊದಲು ಸಣ್ಣದಾಗಿ ಪ್ರಯೋಗಿಸಿ ನೋಡ್ದೆ. ನಾನೊಬ್ಳೇ ವ್ಯಾಲ್ಯೂಯೇಶನ್ ಮಾಡಿದ್ರೆ ನಂಬಿಕೆ ಬರಲ್ಲ ಅಂತ ಇನ್ನೊಬ್ಬ ಟೀಚರ್ ಕೈಲೂ ಅದೇ ಪೇಪರ್ ನೋಡ್ಸಿ ಇಬ್ರ ಅಂಕ ಎಷ್ಟು ಹೊಂದುತ್ತೆ ಅಂತ ಲೆಕ್ಕ ಹಾಕಿದ್ದು. ಇದನ್ನ ದಯವಿಟ್ಟು ಬಿಡ್ಬೇಡಿ, ಬರವಣಿಗೆ ಉತ್ತರಗಳಿಗೆ ಇದೇ ಆಧಾರ.

ಶಾಲೇಲಿ ಸೆಕ್ಷನ್ ಒಡೆದು ಮಕ್ಕಳನ್ನ ಲಾಟರಿ ಹಾಕಿ ಹಂಚೋಕಾಗಲ್ಲ, ಹಾಗಾಗಿ ಎ ಸೆಕ್ಷನ್, ಬಿ ಸೆಕ್ಷನ್ ಇದ್ದಂಗೇ ತಗೊಂಡು ಕ್ವಾಸಿ ಎಕ್ಸ್‌ಪೆರಿಮೆಂಟಲ್ (ಅರೆ ಪ್ರಾಯೋಗಿಕ) ಡಿಸೈನ್, ಒಂದು ಸೆಕ್ಷನ್‌ಗೆ ಶಾಸನ ಓದಿಸಿ ಪಾಠ, ಇನ್ನೊಂದಕ್ಕೆ ಮಾಮೂಲಿ ಪಾಠ, ಮುಂಚೆ ಪ್ರೀ ಟೆಸ್ಟ್, ಆಮೇಲೆ ಪೋಸ್ಟ್ ಟೆಸ್ಟ್. ಪರ್ಮಿಶನ್ ಲೆಟರ್ ಕೆಲ್ಸ ಬೇಸಿಗೆ ರಜೆಗೆ ಮುಂಚೇನೇ ಮುಗಿಸ್ಕೊಳ್ಳಿ, ಆ ಪಾಠ ಜೂನಲ್ಲೇ ಬರುತ್ತೆ.

ಬಂದ ಫಲಿತಾಂಶ ನನಗೆ ಬಹಳ ಮುಖ್ಯ ಅನ್ಸುತ್ತೆ. ಇಸವಿ, ಹೆಸರು ಕೇಳೋ ಪ್ರಶ್ನೆಗಳಲ್ಲಿ ಎರಡೂ ಸೆಕ್ಷನ್ ಹತ್ರಹತ್ರಾನೇ ಇದ್ವು, ಅಂದ್ರೆ ಶಾಸನ ಓದಿಸ್ತಾ ಕೂತ್ರೆ ಪರೀಕ್ಷೆ ಮಾರ್ಕ್ಸ್ ಹೋಗುತ್ತೆ ಅನ್ನೋ ಭಯ ನನ್ನ ಕ್ಲಾಸಲ್ಲಿ ನಿಜ ಆಗ್ಲಿಲ್ಲ. ತಾಳೆ ಹಾಕೋ ಪ್ರಶ್ನೆಗಳಲ್ಲಿ ಮಾತ್ರ ಶಾಸನ ಓದಿದ ಮಕ್ಳು ಎದ್ದು ಕಾಣೋಷ್ಟು ಮುಂದೆ ಇದ್ರು.

ವೈವಾದಲ್ಲಿ (ಮೌಖಿಕ ಪರೀಕ್ಷೇಲಿ) ಪರೀಕ್ಷಕರು ಕೇಳಿದ್ದು, 40 ನಿಮಿಷದ ಪೀರಿಯಡ್‌ನಲ್ಲಿ, ತುಂಬಿದ ಕ್ಲಾಸಲ್ಲಿ ಇದು ಸಾಧ್ಯಾನಾ ಅಂತ. ಸಾಧ್ಯ ಅಂದೆ, ಪ್ರತಿ ಪಾಠಕ್ಕಲ್ಲ, ಟರ್ಮಿಗೆ ಒಂದೆರಡು ಪಾಠ ಸಾಕು, ಗುಂಪಿಗೊಂದು ಜೆರಾಕ್ಸ್ ಕೊಟ್ರೆ ಆಗುತ್ತೆ. ನಿಮ್ಮ ಶಾಲೆ ಹತ್ರದ ಶಾಸನ ಬೇಕಂದ್ರೆ ಬಿ.ಎಲ್. ರೈಸ್ ಹೊರತಂದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ಬೆಂಗಳೂರು ಜಿಲ್ಲೆದು, ಬೆಂಗಳೂರಿನ ನೃಪತುಂಗ ರಸ್ತೆಯ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವ್ರು ಬೆಂಗಳೂರಿನ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಿದ್ದಾರೆ, ಅಲ್ಲಿಂದ ಶುರು ಮಾಡ್ಬೋದು.